ಗುರುವಂದನೆಯ ಫ್ಲೆಕ್ಸ್‌ನಲ್ಲಿ ‘ಸ್ಮಗ್’ ಬೇಡ

ನಮಗೆ ಇಂಗ್ಲಿಷ್ ಕಲಿಸಿದ ಸರ್‌ಗೆ ಗುರುವಂದನೆ ಮಾಡಲು ಹೊರಟ ಹಳೆಯ ವಿದ್ಯಾರ್ಥಿಗಳ ಗ್ರೂಪ್‌ನಲ್ಲಿ ನಡೆದ ಮಾತುಕತೆ ಇದು. ಸಿಂದಗಿ, ಇಂಡಿ, ತಾಳಿಕೋಟಿ, ಬಾಗೇವಾಡಿ ಇಲ್ಲಿ ಊರುಗಳಲ್ಲ, ಮಾತಾಡುವವರ ಹೆಸರುಗಳು.

ಸಿಂದಗಿ: ಗುರುವಂದನೆಯ ಫ್ಲೆಕ್ಸ್ ಡಿಸೈನ್ ಹಾಕಿದ್ದೇನೆ, ಎಲ್ಲರೂ ನೋಡಿ. ಸರ್ ಫೋಟೊ ಕೆಳಗೆ ‘ವಿ ಆರ್ ಸ್ಮಗ್ ಟು ಬಿ ಯುವರ್ ಸ್ಟೂಡೆಂಟ್ಸ್’ ಅಂತ ಬರುತ್ತದೆ. ಸಂಜೆ 6ರೊಳಗೆ ಗಾಂಧಿ ಚೌಕದಲ್ಲಿ ಪ್ರಿಂಟ್‌ಗೆ ಕೊಡಬೇಕು.

ಇಂಡಿ: ಭಾರಿ ಬಂದಿದೆ ದೋಸ್ತ!

ನಾನು: ಫೋಟೊ ಚೆನ್ನಾಗಿದೆ. ಆದರೆ ಸ್ಮಗ್ ಬೇಡ. ಅದು ಹೊಗಳುವ ಮಾತಲ್ಲ.

ಸಿಂದಗಿ: ಯಾಕೆ? ಬೀಗುವುದು ಅಂತ ತಾನೇ ಅರ್ಥ? ‘ಗೆದ್ದು ಬೀಗಿದ ಭಾರತ’ ಅಂತ ಪೇಪರ್‌ನವರು ಹಾಕುತ್ತಾರಲ್ಲ, ಅದು ಬೈಗುಳವಾ? ಪ್ರೌಡ್ ಅಂತ ಎಲ್ಲರೂ ಹಾಕುತ್ತಾರೆ. ನಮ್ಮದು ಬೇರೆ ಇರಲಿ ಅಂತ ಹುಡುಕಿ ತಂದಿದ್ದೇನೆ.

ನಾನು: ತೊಡಕು ಇರುವುದೇ ಅಲ್ಲಿ. ಬೀಗುವುದರಲ್ಲಿ ಒಳ್ಳೆಯದೂ ಇದೆ. ಮಗಳು ರ‍್ಯಾಂಕ್ ಬಂದರೆ ಅಪ್ಪ ಬೀಗುತ್ತಾನೆ, ಯಾರಿಗೂ ಬೇಜಾರಿಲ್ಲ. ಸ್ಮಗ್‌ನಲ್ಲಿ ಆ ಭಾಗ ಇಲ್ಲ. ತನಗೇ ಎಲ್ಲ ಗೊತ್ತು, ಉಳಿದವರು ತನಗಿಂತ ಕಡಿಮೆ ಅಂತ ಒಬ್ಬ ಒಳಗೊಳಗೇ ಖುಷಿಪಡುತ್ತಾನಲ್ಲ, ಅದು ಮುಖದಲ್ಲೂ ಕಾಣುತ್ತದಲ್ಲ, ನೋಡಿದವರಿಗೆ ಮೈ ಉರಿಯುತ್ತದಲ್ಲ, ಅದು ಸ್ಮಗ್. ‘ಸ್ಮಗ್ ಸ್ಮೈಲ್’ ಅನ್ನುವುದು ಅದಕ್ಕೇ. ಹೆಚ್ಚಾಗಿ ಬೇರೆಯವರ ಬಗ್ಗೆ ಹೇಳುವ ಮಾತು. ತಮಗೆ ತಾವೇ ಹೇಳಿಕೊಂಡರೆ ತಮಾಷೆಗೆ ಅಷ್ಟೇ.

ತಾಳಿಕೋಟಿ: ಅಂದರೆ ಕಂಪ್ಲೇಸೆಂಟ್ ಥರಾನಾ?

ನಾನು: ಹತ್ತಿರ, ಆದರೆ ಒಂದೇ ಅಲ್ಲ. ಎರಡು ಮ್ಯಾಚ್ ಗೆದ್ದು ಪ್ರಾಕ್ಟೀಸ್ ಬಿಟ್ಟ ಟೀಮ್ ಕಂಪ್ಲೇಸೆಂಟ್. ಅಲ್ಲಿ ಮೈಮರೆವು ಮುಖ್ಯ. ಸ್ಮಗ್ ಆದವನು ಪ್ರಾಕ್ಟೀಸ್ ಬಿಟ್ಟಿರಬೇಕು ಅಂತೇನಿಲ್ಲ.

ಬಾಗೇವಾಡಿ: ನನ್ನದೂ ಒಂದು ಮಾತು. ಸ್ಮಗ್‌ಗೆ ಹಳೆಯ ಅರ್ಥ ಠಾಕುಠೀಕಾಗಿರುವ, ಸಿಂಗರಿಸಿಕೊಂಡಿರುವ ಅಂತ. 16ನೇ ಶತಮಾನದಲ್ಲಿ ಹಾಗೆ ಬಳಸುತ್ತಿದ್ದರು. ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ನಲ್ಲಿ ‘ಸ್ಮಗ್ ಬ್ರೈಡ್‌ಗ್ರೂಮ್’ ಅಂತ ಬರುತ್ತದೆ.

ಸಿಂದಗಿ: ನೋಡಿ! ಮೇಡಂ ನನ್ನ ಕಡೆ. ಶೇಕ್ಸ್‌ಪಿಯರ್‌ಗಿಂತ ದೊಡ್ಡವರಾ ನೀವು?

ಬಾಗೇವಾಡಿ: ನಿಮ್ಮ ಕಡೆ ಅಲ್ಲ ಅಣ್ಣಾ. ಆ ಅರ್ಥ ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ಅದನ್ನೇ ಹಿಡಿದರೂ ನಿಮ್ಮ ಸಾಲು ಕೂಡುವುದಿಲ್ಲ. ‘ನಿಮ್ಮ ವಿದ್ಯಾರ್ಥಿಗಳಾಗಿದ್ದಕ್ಕೆ ಠಾಕುಠೀಕಾಗಿದ್ದೇವೆ’ ಅಂತಾಗುತ್ತದೆ.

ಇಂಡಿ: ಅಷ್ಟೆಲ್ಲ ಯಾರು ನೋಡುತ್ತಾರೆ, ಬಿಡಿ. ಊಟಕ್ಕೆ ಯಾರಿಗೆ ಹೇಳೋಣ?

ನಾನು: ಸರ್ ನೋಡುತ್ತಾರೆ. ನಮ್ಮ ನೋಟ್‌ಬುಕ್‌ನಲ್ಲಿ ಒಂದು ಕಾಮಾ ಬಿಟ್ಟರೂ ಕೆಂಪು ಪೆನ್ನಲ್ಲಿ ಸೇರಿಸಿದವರು ಅವರು. ಎಬಿಸಿಡಿಗೇ ತಡವರಿಸುತ್ತಿದ್ದ ಹಳ್ಳಿ ಹುಡುಗರಿಗೆ ಬೆಳಿಗ್ಗೆ ಬೇಗ ಬಂದು ಪಾಠ ಹೇಳಿದರು. ಒಂದು ರೂಪಾಯಿ ಕೇಳಲಿಲ್ಲ. ಅವರು ಕಲಿಸಿದ ಭಾಷೆಯಲ್ಲೇ, ಅವರ ಫೋಟೊ ಕೆಳಗೇ, ನಮಗೆ ಸೊಕ್ಕು ಬಂದಿದೆ ಅಂತ ಬರೆಯುವುದಾ? ಪ್ರೌಡ್ ಎಲ್ಲರೂ ಹಾಕಲಿ ಬಿಡಿ, ನಮಗೆ ಅನಿಸುವುದೂ ಅದೇ ಅಲ್ವಾ? ಅದು ಬೇಡ ಅಂದರೆ ಗ್ರೇಟ್‌ಫುಲ್ ಅನ್ನಿ.

ಸಿಂದಗಿ: ಗ್ರೇಟ್‌ಫುಲ್ ಆಗಬಹುದು. ಮುಂದೆ ‘ಟು ಬಿ’ ಹಾಗೇ ಇರಲಾ?

ಬಾಗೇವಾಡಿ: ಇರಲಿ, ಸರಿ ಇದೆ. ‘ನಿಮ್ಮ ಋಣ ದೊಡ್ಡದು ಸರ್’ ಅಂತ ಕನ್ನಡದಲ್ಲೂ ಒಂದು ಸಾಲು ಹಾಕಿ.

ಸಿಂದಗಿ: ಹಾಗಾದರೆ ಕನ್ನಡದ್ದೇ ಮೇಲೆ ಬರಲಿ, ದೊಡ್ಡ ಅಕ್ಷರದಲ್ಲಿ. ಅಂಗಡಿಯವರಿಗೆ ಈಗಲೇ ಫೋನ್ ಮಾಡುತ್ತೇನೆ. ಮೇಡಂ, ಪ್ರೂಫ್ ನಿಮಗೇ ಕಳಿಸಲಾ?

ಬಾಗೇವಾಡಿ: ಕಳಿಸಿ.