ಗದಗ ಹತ್ತಿ ಮ್ಯಾಲೆ ಪ್ರಬಂಧ: ಆಕರ ಎಲ್ಲಿ ಹುಡುಕೂದು?

ಗದಗ, ಬಿ.ಎ. ವಿದ್ಯಾರ್ಥಿನಿ:
ಎಲ್ಲಾರಿಗೂ ನಮಸ್ಕಾರ್ರಿ. ಇತಿಹಾಸಕ್ಕ ಕಿರುಪ್ರಬಂಧ ಬರೀಬೇಕು, ವಿಷಯ ‘1850ರಿಂದ 1900ರ ತನಕ ಗದಗ ಭಾಗದ ಹತ್ತಿ ವ್ಯಾಪಾರ’. ಗೂಗಲ್‌ನ್ಯಾಗ ‘ಗದಗ ಜಿಲ್ಲೆ ಹತ್ತಿ’ ಅಂತ ಹೊಡದ್ರ ಬರೇ ಇವತ್ತಿನ ರೇಟ್ ಬರತೈತಿ. ಸರ್ ವಿಕಿಪೀಡಿಯ ನಡಿಯಂಗಿಲ್ಲ, ಐದು ಆಕರ ಬೇಕು ಅಂದಾರ. ಇಂಥಾದ್ದು ಬರದವರು ಇದ್ರ ಹೇಳ್ರಿ.

ಧಾರವಾಡ, ನಿವೃತ್ತ ಉಪನ್ಯಾಸಕ:
ಗದಗ ಜಿಲ್ಲಾ ಆಗಿದ್ದು 1997ರಾಗ, ತಂಗೀ. ನಿನಗ ಬೇಕಾದ ಕಾಲಕ್ಕ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲಾದ ಒಂದು ತಾಲೂಕು. ಹಿಂಗಾಗಿ ಇಂಗ್ಲಿಷಿನ್ಯಾಗ ಧಾರವಾಡದ ಕಡೀ ಅಕ್ಷರ ‘ಡಿ’ ತಗದು ‘ಆರ್’ ಹಾಕಿ ಹುಡುಕು, ಆಗ ಹಂಗ ಬರೀತಿದ್ರು. 1884ರ ಮುಂಬಯಿ ಪ್ರಾಂತದ ಗ್ಯಾಝೆಟಿಯರ್ (ಸರಕಾರ ತಂದ ಜಿಲ್ಲಾ ವಿವರದ ಪುಸ್ತಕ), ಧಾರವಾಡದ 22ನೇ ಸಂಪುಟ, ಇಂಟರ್ನೆಟ್ ಆರ್ಕೈವ್‌ನ್ಯಾಗ ಪುಕ್ಕಟೆ ಸಿಗತದ. ಗದಗ ಊರಿನ ಪುಟ ಅಷ್ಟಽ ಓದಿ ಬಿಡಬ್ಯಾಡ. ಹತ್ತಿ ಸಂಗತಿ ಬೇಸಾಯದ ಅಧ್ಯಾಯದಾಗೂ ಅದ, ವ್ಯಾಪಾರದ ಅಧ್ಯಾಯದಾಗೂ ಅದ. 1840ರ ದಶಕದಾಗ ಸರಕಾರ ಅಮೆರಿಕದ ಬೀಜ ಬಿತ್ತಿಸಿದ್ದು, 1861–65ರ ಅಮೆರಿಕದ ಅಂತರ್ಯುದ್ಧದಾಗ ಇಲ್ಲಿ ಅರಳಿ (ಬೀಜ ತಗದ ಹತ್ತಿ) ತುಟ್ಟಿ ಆಗಿದ್ದು, ಇವೆರಡನ್ನೂ ಹಿಡಕೊಂಡು ಹೋಗು. ಅಡಿಟಿಪ್ಪಣಿ ಬಿಡದಽ ನೋಡು, ಮುಂದಿನ ಆಕರ ಅಲ್ಲೇ ಸಿಗತಾವ.

ಮತ್ತ, ಅರಳ್ಯಾಗ ಬೆರಕಿ ಮಾಡ್ತಾರಂತ ಸಾಹೇಬರ ದೂರು ಆಗಿನ ಕಾಗದಪತ್ರದಾಗ ಭಾಳ. ಲ್ಯಾಂಕಾಷೈರ್ ಗಿರಣಿಗೆ ಸ್ವಚ್ಛ ಅರಳಿ ಬೇಕಾಗಿದ್ದವರ ದೂರು ಅದು. ರೈತ ಏನಂದಾ, ಅಡತಿಯವ (ಕಮಿಷನ್ ವ್ಯಾಪಾರಿ) ಏನಂದಾ, ಅವರು ಬರಕೊಂಡಿಲ್ಲ. ಇಷ್ಟು ನಿನ್ನ ಪ್ರಬಂಧದಾಗ ಬರಲಿ. ಐದು ಆಕರ ಎಣಿಸೂ ಸರ್‌ಗೂ ಇದು ಹಿಡಸ್ತದ.

ಹುಬ್ಬಳ್ಳಿ, ಪಿಎಚ್‌.ಡಿ. ವಿದ್ಯಾರ್ಥಿ:
ಶೋಧಗಂಗಾ ನೋಡ್ರಿ ಅಕ್ಕಾರ, ಪಿಎಚ್‌.ಡಿ. ಪ್ರಬಂಧ ಇಡೂ ಜಾಲತಾಣ ಅದು. ಅಲ್ಲಿ ಪ್ರಬಂಧದ ಒಂದೊಂದು ಅಧ್ಯಾಯ ಬ್ಯಾರೆ ಬ್ಯಾರೆ ಪಿಡಿಎಫ್ ಇರತೈತಿ. ನಾ ಮೊದಲ ಗ್ರಂಥಸೂಚಿ ತಗೀತೀನಿ, ಅದು ಚಲೋ ಇದ್ರಽ ಉಳಿದದ್ದು ಓದೂದು. ಕನ್ನಡದ ಹಳೇ ಪಿಡಿಎಫ್‌ಗಳು ನುಡಿ ಫಾಂಟಿನ್ಯಾಗ ಇಲ್ಲಾ ಸ್ಕ್ಯಾನ್ ಮಾಡಿದ್ದು ಇರತಾವ. ಒಳಗ ‘ಹತ್ತಿ’ ಅಂತ ಹುಡುಕಿದ್ರ ಏನೂ ಸಿಗಂಗಿಲ್ಲ, ಕಾಪಿ ಮಾಡಿದ್ರ ಬರೇ ಇಂಗ್ಲಿಷ್ ಗೀಚು. ಪರಿವಿಡಿ ನೋಡಿ ಕೈಲೇ ಪುಟ ತಿರುವಬೇಕು. ಅವರು ಉಲ್ಲೇಖಿಸಿದ ಪುಸ್ತಕಾನ ನೀವು ನೋಡಿಲ್ಲಂದ್ರ, ನೋಡೀನಿ ಅನ್ನೂವಂಗ ಬರೀಬ್ಯಾಡ್ರಿ. ಇಂಥವರ ಪ್ರಬಂಧದಾಗ ಉಲ್ಲೇಖ ಐತಿ ಅಂತ ಹಾಕ್ರಿ.

ಧಾರವಾಡಕ್ಕ ಬಂದ್ರ ವಿಶ್ವವಿದ್ಯಾಲಯದ ಗ್ರಂಥಾಲಯ ಐತಿ, 1939ರಾಗ ಶುರು ಆದ ಕನ್ನಡ ಸಂಶೋಧನ ಸಂಸ್ಥೆನೂ ಐತಿ. ಪ್ರಿನ್ಸಿಪಾಲರ ಕಡೆ ಒಂದು ಪತ್ರ ಇಸ್ಕೊಂಡು ಬರ್ರಿ, ಮಾತು ಸಲೀಸು ಆಗತೈತಿ. ಫೋಟೊ ಬಿಟ್ಟುಕೊಟ್ರ ಮೊದಲ ಶೀರ್ಷಿಕೆ ಪುಟ ತಗೀರಿ, ಅದರ ಹಿಂದಿಂದೂ ತಗೀರಿ. ಆಮ್ಯಾಲೆ ಪುಟಸಂಖ್ಯೆ ಕಾಣೂವಂಗ ಉಳಿದದ್ದು.

ಹಾವೇರಿ, ಹೈಸ್ಕೂಲ್ ಶಿಕ್ಷಕಿ:
ಚಾಟ್‌ಬಾಟ್ ಕೇಳಿ ಪುಸ್ತಕದ ಹೆಸರು ತಗೊಳ್ಳೂದಾದ್ರ ಒಂದೊಂದನ್ನೂ ಗ್ರಂಥಾಲಯದ ಕ್ಯಾಟಲಾಗ್‌ನ್ಯಾಗ ತಾಳೆ ನೋಡ್ರಿ. ಇಲ್ಲದ ಪುಸ್ತಕಕ್ಕೂ ಲೇಖಕನ್ನ, ಇಸವಿನ್ನ ಕೊಟ್ಟು ಕುಂತಿರತೈತಿ. ನಮ್ಮ ಕಡೆ ಬರಿಯೋರಿಗೆ ಇನ್ನೊಂದು: ಆ ಗ್ಯಾಝೆಟಿಯರಿನ್ಯಾಗ ಹಾವೇರಿ ತಾಲೂಕು ಹುಡುಕಬ್ಯಾಡ್ರಿ, ಆಗ ಅದು ಕರಜಗಿ ತಾಲೂಕಿನ ಊರು.

ಗದಗ, ವಿದ್ಯಾರ್ಥಿನಿ:
ಸಿಕ್ತರಿ ಸಂಪುಟ! ನಮ್ಮ ಓಣ್ಯಾಗ ಹಳೇ ಅಡತಿ ಮನಿತನದ ಅಜ್ಜಾರ ಅದಾರ, ಅವರನ್ನ ಕೇಳಿ ಬರದ್ರ ನಡೀತೈತೇನ್ರಿ?

ಧಾರವಾಡ, ನಿವೃತ್ತ ಉಪನ್ಯಾಸಕ:
1900ರ ಮುಂಚಿಂದಕ್ಕ ಅವರ ನೆನಪು ಸಾಕ್ಷಿ ಆಗೂದಿಲ್ಲ. ಆದ್ರ ಮನ್ಯಾಗ ಹಳೇ ಖಾತೆ ವಹಿ ಅದಾವೇನಂತ ಕೇಳು. ಇದ್ರ ನನಗೂ ತೋರಿಸು.

ಹುಬ್ಬಳ್ಳಿ, ಅರಳಿ ವ್ಯಾಪಾರಿ:
ಲೆಕ್ಕದಾಗ ‘ಖಂಡಿ’ ಬಂದ್ರ ಗಾಬರಿ ಆಗಬ್ಯಾಡವಾ. ಮುಂಬಯಿ ಅರಳಿ ಖಂಡಿ ಅಂದ್ರ 784 ಪೌಂಡ್, ಸುಮಾರು 356 ಕಿಲೊ, ಇವತ್ತಿಗೂ ನಾವು ಅದರಾಗಽ ರೇಟ್ ಮಾತಾಡ್ತೀವಿ. ಬ್ಯಾರೆ ಮಾಲಿಗೆ, ಬ್ಯಾರೆ ಊರಿಗೆ ಖಂಡಿ ಬ್ಯಾರೆ ಇರತಿತ್ತು. ಕ್ವಿಂಟಾಲ್ ಮಾಡೂ ಮುಂಚೆ ಅದು ಯಾವ ಖಂಡಿ ಅಂತ ಅಲ್ಲೇ ಪುಟದಾಗ ನೋಡಿಕೊ.