ಪದಚರ್ಚೆ: ಎಲೆ ‘ಒಣಗದ’ ಅವಧಿಯೋ, ‘ಆರದ’ ಹೊತ್ತೋ?

ಬಲ್ಲವರಲ್ಲಿ ಒಂದು ವಿನಂತಿ. ಅಡಿಕೆ ಬೆಳೆಗಾರರ ಸಭೆಗೆ ಎಲೆಚುಕ್ಕೆ ರೋಗದ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪೇಂಟರಿಗೆ ಕೊಡಬೇಕು. ಎಲೆಯ ಮೇಲೆ ನೀರಿನ ಪಸೆ ಸತತವಾಗಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬ ಅಳತೆಗೆ ಪದ ಬೇಕು. ಶಿಲೀಂಧ್ರದ ಬೀಜಕಣ ಮೊಳೆಯುವುದು ಆ ಪಸೆಯಲ್ಲೇ. ಸ್ವಾತಿ ಮಳೆ ಕಳೆದರೂ ಮೋಡ ಬಿಡದ ವರ್ಷ ಅದು ಇನ್ನೂ ಉದ್ದವಾಗುತ್ತದೆ. ‘ಎಲೆ ಒಣಗದ ಅವಧಿ’ ಎಂದಿದ್ದೇನೆ. ಸರಿಯೇ?
– ತೀರ್ಥಹಳ್ಳಿಯಿಂದ

ಸರಿಯಲ್ಲ. ‘ಪರ್ಣಾರ್ದ್ರತಾವಧಿ’ ಅನ್ನಿ. ಪರಿಭಾಷೆಗೆ ಬಿಗಿ ಇರಬೇಕು.
– ಶಿವಮೊಗ್ಗ

ತೋಟದಲ್ಲಿ ಯಾರೂ ಓದದ ಪದ ಅದು, ಬಿಡಿ. ಆದರೆ ‘ಒಣಗು’ ಕೂಡ ಬೇಡವೇ ಬೇಡ. ಎಲೆ ಒಣಗಿತು ಅಂದರೆ ನಮ್ಮಲ್ಲಿ ಸೋಗೆ ಸತ್ತಿತು ಎಂದೇ ಅರ್ಥ. ಚುಕ್ಕೆಗಳು ಕೂಡಿಕೊಂಡು ಗರಿ ಒಣಗುವುದೇ ಈ ರೋಗದ ಲಕ್ಷಣ. ‘ಒಣಗದ ಅವಧಿ’ ಎಂದರೆ ರೋಗವಿಲ್ಲದ ಕಾಲ ಅಂದುಕೊಂಡಾರು. ನೀರು ಹೋಗುವುದಕ್ಕೆ ‘ಆರು’ ಇದೆಯಲ್ಲ: ಬಟ್ಟೆ ಆರಿತು, ಅಂಗಳ ಆರಿತು. ಹಳಗನ್ನಡದ ಆಱು, ಶಕಟರೇಫದ್ದು, ಅಂದರೆ ಹಳೆಯ ಱ ಅಕ್ಷರದ್ದು. ತಣಿಯುವುದು, ನಂದುವುದು, ಪಸೆ ಹೋಗುವುದು ಎಲ್ಲವೂ ಅದರಲ್ಲಿವೆ. ‘ಎಲೆ ಆರದ ಹೊತ್ತು’ ಎಂದು ಬರೆಯಿರಿ. ‘ಹೊಳವಿಲ್ಲದ ಹೊತ್ತು’, ಅಂದರೆ ಮಳೆ ಬಿಡುವು ಕೊಡದ ಹೊತ್ತು, ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಮಳೆ ಹೊಳವಾದರೂ ಮಂಜಿಗೆ ಎಲೆ ಒದ್ದೆಯೇ ಇರುತ್ತದೆ. ಮಳೆಮಾಪಕದಲ್ಲಿ ಸೊನ್ನೆ, ಸೋಗೆಯ ಮೇಲೆ ನೀರು.

ಫಲಕದಲ್ಲಿ ‘ಹವಾಮಾನ ಬದಲಾವಣೆ’ ಇದ್ದರೆ ಅದನ್ನೂ ತಿದ್ದಿ. ಹವಾಮಾನ ದಿನಾ ಬದಲಾಗುವಂಥದ್ದೇ. ಈಗ ಕೆಟ್ಟಿರುವುದು ಹವಾಗುಣ.
– ಹೊಸನಗರ

ಪತ್ರಿಕೆಗಳೆಲ್ಲ ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತವೆ, ರೂಢಿಯೇ ಪ್ರಮಾಣ. ಇನ್ನು ‘ಹೊತ್ತು’ ಅಳತೆಯಲ್ಲ. ಸಂಸ್ಕೃತದ ಮೇಲೆ ಈ ಮುನಿಸು ಯಾಕೆ? ನಿಮ್ಮ ‘ಕೊಳೆರೋಗ’ದ ರೋಗ ಎಲ್ಲಿಂದ ಬಂತು?
– ಶಿವಮೊಗ್ಗ

ರೂಢಿ ಪ್ರಮಾಣವಾದರೆ ಪರ್ಣಾರ್ದ್ರತೆ ಯಾರ ರೂಢಿ? ಕೊಳೆರೋಗ ಅರಿಸಮಾಸವೇ, ಕನ್ನಡಕ್ಕೆ ಸಂಸ್ಕೃತ ಬೆರೆತ ಪದವೇ, ಒಪ್ಪಿದೆ. ಆದರೆ ತೋಟದವರು ಕಟ್ಟಿದ ಮಾತು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರಶಾಸ್ತ್ರಜ್ಞ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹೊಸ ಪದ ಹುಡುಕಲಿಲ್ಲ, ನಮ್ಮದನ್ನೇ ಹಾಗೇ ಎತ್ತಿಕೊಂಡ. 1958ರಲ್ಲಿ ಡೋಂಕ್ ಎಂಬ ಡಚ್ ಶಿಲೀಂಧ್ರಶಾಸ್ತ್ರಜ್ಞ ಅದನ್ನು ಕುಲದ ಹೆಸರನ್ನೇ ಮಾಡಿದ, ‘ಕೊಳೆರೋಗ ನಾಕ್ಸಿಯಾ’. ಹೊರಗಿನವರು ಕಡ ಪಡೆಯುವಷ್ಟು ಗಟ್ಟಿಯಾದ ಮಾತು ತೋಟದಲ್ಲಿರುವಾಗ ನಾವು ನಿಘಂಟು ತಡಕುತ್ತಿದ್ದೇವೆ.
– ಹೊಸನಗರ

‘ಎಲೆ ಆರದ ಹೊತ್ತು (ಗಂಟೆಗಳಲ್ಲಿ)’ ಎಂದು ಬರೆದು ಕೊಟ್ಟೆ. ಹವಾಗುಣವನ್ನೂ ತಿದ್ದಿದೆ.
– ತೀರ್ಥಹಳ್ಳಿಯಿಂದ