ನೈಲಾನ್ ಲೇಪನ ಜೋತುಬಿದ್ದಿದೆ, ಪೀಕ್ ಹೊಡೆಸಿದರೆ ನಿಲ್ಲುತ್ತಾ?

ಪ್ರಶ್ನೆ (ಗಿಣಿಗೇರಾ, ಕೊಪ್ಪಳ): ಸರ್, ನಮ್ಮದು ಸ್ಪಾಂಜ್ ಐರನ್ ಘಟಕ. ಹೊಗೆ ಎಳೆಯೋ ಫ್ಯಾನಿನ ಕವಚದೊಳಗೆ ನೈಲಾನ್-11 ಪೌಡರ್ ಫ್ಲೇಮ್ ಸ್ಪ್ರೇ (ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹೊಡೆಯೋದು) ಮಾಡಿಸಿದ್ವಿ. ಅನಿಲ 170–180 ಡಿಗ್ರಿ. ಮೂರೇ ತಿಂಗಳಿಗೆ ಮೇಲ್ಭಾಗ ಜೋತುಬಿದ್ದು ಅಂಚುಗಳಲ್ಲಿ ಎದ್ದಿದೆ. ಪೀಕ್ (PEEK, ಹೆಚ್ಚು ಬಿಸಿ ತಡೆಯೋ ಪ್ಲಾಸ್ಟಿಕ್) ಹಾಕಿಸಿದ್ರೆ ತಡೀತದಾ? ರೆಕ್ಕೆಗಳಿಗೂ ಹೊಡಿಬಹುದಾ?

ಉತ್ತರ: ನೈಲಾನ್-11 ಕರಗೋದೇ 185–190 ಡಿಗ್ರಿಗೆ. 170ರಲ್ಲಿ ಮೆತ್ತಗಾಗಿ ತನ್ನ ಭಾರಕ್ಕೇ ಇಳಿಯುತ್ತೆ. ಹೊಡೆದವರ ಕೈ ತಪ್ಪಲ್ಲ ಇದು. ಪೀಕ್ ಕರಗೋದು 343ಕ್ಕೆ, ಆದ್ದರಿಂದ ನಿಮ್ಮ ಬಿಸಿಗೆ ಅದು ಅಲುಗಲ್ಲ. ಆದರೆ ಗಾಢ ಗಂಧಕಾಮ್ಲ ಪೀಕನ್ನೂ ಕರಗಿಸುತ್ತೆ. ಕಲ್ಲಿದ್ದಲ ಹೊಗೆಯ ಆಮ್ಲ ಕವಚದ ತಣ್ಣನೆ ಗೋಡೆಗೆ ಬೆವರಿನಂತೆ ಕಟ್ಟುತ್ತೆ. ಹಾಗಾಗಿ ಗೋಡೆ ತಣ್ಣಗಾಗದಂತೆ ಹೊರಗಡೆ ರಾಕ್‌ವೂಲ್ (ಬಿಸಿ ಹಿಡಿದಿಡೋ ಖನಿಜ ಉಣ್ಣೆ) ಸುತ್ತದೆ ಲೇಪನಕ್ಕೆ ದುಡ್ಡು ಹಾಕಬೇಡಿ.

ರೆಕ್ಕೆಗೆ ಬೇಡ. ದೂಳು ಯಾವ ಪಾಲಿಮರನ್ನೂ ಸವೆಸುತ್ತೆ. ಮೇಲಾಗಿ ಪೀಕ್ ಹರಿಯೋಕೆ ಲೋಹ 380–400ಕ್ಕೆ ಬರಬೇಕು, ಅಷ್ಟು ಬಿಸಿಗೆ ಇಂಪೆಲ್ಲರ್ (ರೆಕ್ಕೆಗಳಿರೋ ಚಕ್ರ) ಸೊಟ್ಟಗಾಗಿ ಬ್ಯಾಲೆನ್ಸ್ ಹೋಗಬಹುದು.

ಕವಚಕ್ಕೆ ಹೀಗೆ ಮಾಡಿ. ಹಳೇ ನೈಲಾನ್ ಪೂರ್ತಿ ತೆಗೆದು, ಚೂಪು ಅಂಚುಗಳನ್ನು 3 ಮಿ.ಮೀ. ದುಂಡಗೆ ಉಜ್ಜಿ. ಬಿಸಿ ಲೇಪನ ತಣ್ಣಗಾಗುವಾಗ ಉಕ್ಕಿಗಿಂತ ಹೆಚ್ಚು ಕುಗ್ಗುತ್ತೆ, ಆ ಎಳೆತಕ್ಕೆ ಪದರ ಚೂಪು ಅಂಚಿನಲ್ಲೇ ಒಡೆಯುತ್ತೆ. ಅಲ್ಯುಮಿನಾ ಗ್ರಿಟ್‌ನಿಂದ (ಚೂಪು ಕಾಳು) ಎಸ್‌ಎ 2.5 ವರೆಗೆ (ತುಕ್ಕು ಬಹುತೇಕ ಹೋಗಿ ಲೋಹ ಹೊಳೆಯೋ ಶುಚಿತ್ವದ ದರ್ಜೆ) ಬ್ಲಾಸ್ಟ್ ಮಾಡಿ, ಅಂದ್ರೆ ಒತ್ತಡದ ಗಾಳಿಯಲ್ಲಿ ಹೊಡೆದು ಶುಚಿ ಮಾಡಿ. ಕಂಪ್ರೆಸರ್ ಗಾಳಿಯನ್ನು ಬಿಳಿ ಬಟ್ಟೆ ಮೇಲೆ ಬಿಟ್ಟು ನೋಡಿ, ಎಣ್ಣೆ ಕಲೆ ಬಂದ್ರೆ ಫಿಲ್ಟರ್ ಬದಲಿಸದೆ ಮುಂದಕ್ಕೆ ಹೋಗಬೇಡಿ. ಬ್ಲಾಸ್ಟ್ ಆದ 4 ಗಂಟೆಯೊಳಗೆ ಸ್ಪ್ರೇ ಶುರುವಾಗಲಿ. ಮಳೆಗಾಲದಲ್ಲಿ ಇನ್ನೂ ಬೇಗ.

ಎಲ್‌ಪಿಜಿ ಬರ್ನರ್‌ನಿಂದ ಹಿಂಬದಿಯಿಂದ ಕಾಯಿಸಿ, ಬ್ಲಾಸ್ಟ್ ಆದ ಮುಖಕ್ಕೆ ಮಸಿ ತಾಗಬಾರದು. ಲೋಹ 250ರ ಆಸುಪಾಸಿಗೆ ಬಂದಾಗ ತೆಳ್ಳಗೆ ಮೊದಲ ಪದರ, ಆಮೇಲೆ ಹಲವು ಸುತ್ತು, ಒಟ್ಟು 300–400 ಮೈಕ್ರಾನ್. ಮೊದಲು ಅಕ್ಕಿನುಚ್ಚು ಅಂಟಿಸಿದಂತೆ ಕಾಣುತ್ತೆ. 380 ದಾಟಿದಾಗ ಅದು ಕರಗಿ ನಯವಾದ ಹೊಳಪು ಬರುತ್ತೆ. ಹೊಳಪು ಬಂದ ಜಾಗದಿಂದ ಜ್ವಾಲೆ ಸರಿಸಿ. ಕಂದು ಬಣ್ಣ ಕಪ್ಪಾಗಿ ಹೊಗೆ ಎದ್ದರೆ ಅಲ್ಲಿನ ಪದರ ಸುಟ್ಟಿದೆ, ಕೆರೆದು ಮತ್ತೆ ಹೊಡಿಬೇಕು.

ಪ್ರಶ್ನೆ: ಟ್ರಯಲ್ ತುಂಡಿಗೆ ಇನ್‌ಫ್ರಾರೆಡ್ ಗನ್‌ನಲ್ಲಿ (ಮುಟ್ಟದೆ ಬಿಸಿ ಅಳೆಯೋದು) 250 ನೋಡಿಯೇ ಹೊಡೆದ್ವಿ. ಆದ್ರೂ ಸಿಪ್ಪೆ ಎದ್ದಂಗೆ ಬಂತಲ್ರಿ?

ಉತ್ತರ: ಸಿಪ್ಪೆಯ ಹಿಂಬದಿ ನೋಡಿ, ಲೋಹ ನೀಲಿ ಇದೆಯಾ? ಬ್ಲಾಸ್ಟ್ ಆದ ಹೊಳೆಯುವ ಉಕ್ಕಿನ ಮೇಲೆ ಆ ಗನ್ ಕಡಿಮೆ ತೋರಿಸುತ್ತೆ. 250 ಅಂದಾಗ ನಿಜವಾಗಿ 300 ದಾಟಿ, ಆಕ್ಸೈಡ್ ಪದರ ಕಟ್ಟಿರುತ್ತೆ. ಪೀಕ್ ಕೂತಿದ್ದು ಅದರ ಮೇಲೆ. ಮುಟ್ಟಿಸೋ ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ಅಥವಾ ತಾಪಮಾನದ ಕ್ರೇಯಾನ್ (ಗೊತ್ತಾದ ಬಿಸಿಗೆ ಕರಗೋ ಬಳಪ) ಬಳಸಿ, ಮತ್ತೊಂದು ತುಂಡು ಮಾಡಿ ನೋಡಿ. ಆ ತುಂಡು ಪಾಸಾಗೋವರೆಗೆ ಕವಚಕ್ಕೆ ಕೈ ಹಾಕಬೇಡಿ.